ಮಳೆಗಾಲ, ಶೆಡ್ಡು, ಬಿಚ್ಚಿಟ್ಟ ಬೈಕು: ಪದೇ ಪದೇ ಕೇಳೋ ಪ್ರಶ್ನೆಗಳು

ಜೂನ್ ಬಂತು ಅಂದ್ರೆ ನಮ್ಮ ಮಲೆನಾಡ್ ಕಡೆ ಹಳೇ ಬೈಕ್ ಇಟ್ಕೊಂಡೋರೆಲ್ಲ ಒಂದೇ ಥರ ಪ್ರಶ್ನೆ ಕೇಳೋಕ್ ಶುರು ಮಾಡ್ತಾರೆ, ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳಿ ಹೇಳಿ ಬಾಯಿ ನೋಯುತ್ತೆ. ಅದಕ್ಕೆ ಒಂದೇ ಕಡೆ ಬರ್ದಿಟ್ಟಿದೀನಿ. ಓದ್ಕೊಂಡು ಆಮೇಲೆ ಫೋನ್ ಮಾಡಿ.

ಹೊರದೇಶದಲ್ಲಿ ಚಳಿಗಾಲಕ್ಕೆ ಗಾಡಿ ನಿಲ್ಸಿ ರಿಪೇರಿ ಮಾಡ್ತಾರಂತೆ, ನೀವ್ಯಾಕೆ ಮಳೆಗಾಲದಲ್ಲಿ?

ಅಲ್ಲಿ ಹಿಮ ಬೀಳುತ್ತೆ, ರಸ್ತೆಗೆ ಉಪ್ಪು ಸುರೀತಾರೆ, ಗಾಡಿ ತೆಗ್ಯೋಕಾಗಲ್ಲ, ಅದಕ್ಕೆ ಗ್ಯಾರೇಜಲ್ಲಿ ಕೂರ್ತಾರೆ. ನಮಗೆ ಚಳಿಗಾಲ ಅಂದ್ರೆ ಗಾಡಿ ಓಡಿಸೋಕೇ ಇರೋ ಕಾಲ, ಡಿಸೆಂಬರ್ ಬೆಳಿಗ್ಗೆ ಕುದುರೆಮುಖದ ರಸ್ತೆ ಬಿಟ್ಟು ಶೆಡ್ಡಲ್ಲಿ ಸ್ಪ್ಯಾನರ್ ಹಿಡ್ಕೊಂಡು ಕೂತ್ರೆ ಪಾಪ ತಟ್ಟುತ್ತೆ. ನಮ್ಮ ರಜಾ ಕಾಲ ಜೂನಿಂದ ಸೆಪ್ಟೆಂಬರ್. ಆಗುಂಬೆಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಬೀಳುತ್ತೆ, ಅದರಲ್ಲಿ ಬಹುಪಾಲು ಈ ನಾಲ್ಕೇ ತಿಂಗಳಲ್ಲಿ. ಘಾಟಿ ರಸ್ತೇಲಿ ಎಲ್ಲಿ ಮರ ಬಿದ್ದಿದೆ, ಎಲ್ಲಿ ಗುಡ್ಡ ಜರಿದಿದೆ ಗೊತ್ತಾಗಲ್ಲ, ಹಳೇ ಗಾಡಿಯ ಡ್ರಮ್ ಬ್ರೇಕು ಒದ್ದೆ ಆದ್ಮೇಲೆ ಬರೀ ಅಲಂಕಾರಕ್ಕೆ. ಹಂಗಾಗಿ ಮೃಗಶಿರಾ ಮಳೆ ಹಿಡೀತಿದ್ದಂಗೆ ಗಾಡಿ ಒಳಗೆ, ಆಯುಧ ಪೂಜೆಗೆ ಹೊರಗೆ.

ಅಂದ್ರೆ ನಾಲ್ಕು ತಿಂಗಳಲ್ಲಿ ಒಂದು ಗಾಡಿ ಪೂರ್ತಿ ರೀಸ್ಟೋರ್ ಮಾಡ್ಬೋದು ಅಲ್ವಾ?

ಇಲ್ಲ. ಈ ಇಡೀ ಪುಟದಲ್ಲಿ ಒಂದೇ ಒಂದು ಉತ್ತರ ನೆನಪಿಟ್ಕೊಳ್ಳೋದಾದ್ರೆ ಇದನ್ನೇ ಇಟ್ಕೊಳ್ಳಿ: ಒಂದು ಮಳೆಗಾಲಕ್ಕೆ ಒಂದೇ ಕೆಲಸ. ಈ ವರ್ಷ ಎಂಜಿನ್ನಾ, ಎಂಜಿನ್ ಮಾತ್ರ. ವೈರಿಂಗಾ, ವೈರಿಂಗ್ ಮಾತ್ರ. ಜೂನ್ ಮೊದಲನೇ ವಾರ ಉತ್ಸಾಹ ಜಾಸ್ತಿ ಇರುತ್ತೆ, ಟ್ಯಾಂಕ್ ತೆಗ್ದಾಯ್ತು ಸೀಟ್ ತೆಗ್ದಾಯ್ತು ಇನ್ನು ಫೋರ್ಕೂ ಬಿಚ್ಚೋಣ ಅಂತ ಬಿಚ್ಕೊಂಡು ಹೋಗಿ, ಆಗಸ್ಟಲ್ಲಿ ಯಾವ ಬೋಲ್ಟ್ ಎಲ್ಲಿದು ಅಂತ ಗೊತ್ತಾಗದೆ ಗೋಣಿಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಿರೋ ಗಾಡಿಗಳು ತೀರ್ಥಹಳ್ಳಿಯಿಂದ ಸಾಗರದ ತನಕ ಎಷ್ಟೋ ಇವೆ. ಆ ಚೀಲದಲ್ಲಿರೋದು ಸೋಮಾರಿಗಳ ಗಾಡಿ ಅಲ್ಲ, ಅತಿ ಉತ್ಸಾಹಿಗಳದ್ದು. ನಮ್ಮ ಹಳೇ ಬೈಕಿನವ್ರ ಗುಂಪಲ್ಲಿ ಯಾರಾದ್ರೂ ಎರಡನೇ ಕೆಲಸಕ್ಕೆ ಕೈ ಹಾಕಿದ್ರೆ ಸ್ಪ್ಯಾನರ್ ಕಿತ್ಕೊಳ್ತೀವಿ, ಹೆಸರಿಗೆ ಅಲ್ಲ, ನಿಜವಾಗ್ಲೂ ಕಿತ್ಕೊಳ್ತೀವಿ.

ಬಿಚ್ಚೋವಾಗ ಫೋಟೋ ತೆಗೀರಿ, ಆಮೇಲೆ ಇನ್ನೊಂದು ತೆಗೀರಿ. ಸ್ಕ್ರೂ ಇಡೋಕೆ ಹಳೇ ಇಡ್ಲಿ ತಟ್ಟೆಗಿಂತ ಒಳ್ಳೇದು ಇನ್ನೂ ಯಾರೂ ಕಂಡುಹಿಡಿದಿಲ್ಲ, ಒಂದೊಂದು ಗುಳಿಗೂ ಪೇಪರ್ ಚೀಟಿ ಹಾಕಿ "ಕ್ಲಚ್ ಕವರ್ ಮುಂದಿನ ಉದ್ದ ಸ್ಕ್ರೂ" ಅಂತ ಬರ್ದಿಡಿ. ಬರೀ "ಸ್ಕ್ರೂ" ಅಂತ ಬರೀಬೇಡಿ, ಅದು ನೋಡಿದ್ರೇ ಗೊತ್ತಾಗುತ್ತೆ.

ನಾನೇನೂ ಬಿಚ್ಚಲ್ಲ ಮಾರಾಯ್ರೆ, ನಾಲ್ಕು ತಿಂಗಳು ಸುಮ್ನೆ ನಿಲ್ಸಿಡ್ಬೇಕು ಅಷ್ಟೆ. ಎಂತ ಮಾಡ್ಲಿ?

ಕಾರ್ಬೇಟರ್ ಬೌಲ್, ಅಂದ್ರೆ ಅದರ ತಳದಲ್ಲಿ ಪೆಟ್ರೋಲ್ ನಿಲ್ಲೋ ಬಟ್ಟಲು, ಖಾಲಿ ಮಾಡಿ, ಅದು ಮೊದಲನೇದು. ಪೆಟ್ರೋಲ್ ಕಾಕ್ ಬಂದ್ ಮಾಡಿ ಗಾಡಿ ತಾನಾಗೇ ಆಫ್ ಆಗೋ ತನಕ ಓಡಿಸಿ, ಆಮೇಲೆ ಕೆಳಗಿನ ಡ್ರೈನ್ ಸ್ಕ್ರೂ ಬಿಚ್ಚಿ ಉಳಿದಿದ್ದೂ ಇಳಿಸಿ. ಕಬ್ಬಿಣದ ಟ್ಯಾಂಕಾದ್ರೆ ಬಾಯಿ ತನಕ ತುಂಬಿಸಿಡಿ ಇಲ್ಲಾಂದ್ರೆ ಪೂರ್ತಿ ಖಾಲಿ ಮಾಡಿ ಒಳಗೆ ಸ್ವಲ್ಪ ಎಂಜಿನ್ ಆಯಿಲ್ ಸುತ್ತಾಡ್ಸಿ ಇಡಿ, ಅರ್ಧ ಟ್ಯಾಂಕ್ ಇಡೋದೇ ತಪ್ಪು, ಖಾಲಿ ಜಾಗದ ಗಾಳೀಲಿರೋ ಪಸೆ ತಗಡಿಗೆ ಕೂತು ತುಕ್ಕು ಹಿಡಿಯುತ್ತೆ. ಡಬಲ್ ಸ್ಟ್ಯಾಂಡ್ ಹಾಕಿ, ಟೈರಿಗೆ ಗಾಳಿ ಸ್ವಲ್ಪ ಜಾಸ್ತಿನೇ ಇರ್ಲಿ. ಬ್ಯಾಟ್ರಿ ಬಿಚ್ಚಿ ಮನೆ ಒಳಗಿಟ್ಟು ತಿಂಗಳಿಗೊಂದ್ಸಲ ಚಾರ್ಜ್. ಸ್ಪಾರ್ಕ್ ಪ್ಲಗ್ ಬಿಚ್ಚಿ ಆ ತೂತಿಗೆ ಒಂದು ಚಮಚ ಆಯಿಲ್ ಹಾಕಿ ನಿಧಾನಕ್ಕೆ ಎರಡು ಕಿಕ್ ತಿರುಗ್ಸಿ ವಾಪಸ್ ಪ್ಲಗ್ ಹಾಕಿ.

ಪ್ಲಾಸ್ಟಿಕ್ ಟಾರ್ಪಾಲ್ ಸುತ್ತಿ ಬಿಗಿಯಾಗಿ ಕಟ್ಬೇಡಿ. ಒಳಗೇ ಬೆವರಿ ಕ್ರೋಮ್ ಎಲ್ಲ ಹೋಗುತ್ತೆ, ಸೀಟಿನ ರೆಕ್ಸಿನ್ ಮೇಲೆ ಬಿಳಿ ಬೂಸ್ಲು ಬೆಳೆಯುತ್ತೆ. ಹಳೇ ಕಾಟನ್ ಬೆಡ್‌ಶೀಟ್ ಸಾಕು.

ಇನ್ನೊಂದು ಮುಖ್ಯವಾದ್ದು, ಸೈಲೆನ್ಸರ್ ಬಾಯಿಗೆ ಮತ್ತೆ ಏರ್ ಫಿಲ್ಟರ್ ತೂತಿಗೆ ಬಟ್ಟೆ ತುರುಕಿ. ಕುಂಬಾರ ಹುಳ ಕೀ ಹೋಲಲ್ಲೂ ಮಣ್ಣಿನ ಗೂಡು ಕಟ್ಟುತ್ತೆ, ಇಲಿ ಏರ್ ಬಾಕ್ಸೊಳಗೆ ಸಂಸಾರ ಹೂಡುತ್ತೆ. ಆ ಬಟ್ಟೆ ಕೆಂಪು ಬಣ್ಣದ್ದಾಗಿರ್ಲಿ, ಒಂದು ತುದಿ ಹೊರಗೆ ನೇತಾಡ್ತಿರ್ಲಿ, ಇಲ್ದಿದ್ರೆ ಅಕ್ಟೋಬರಲ್ಲಿ ಅರ್ಧ ದಿನ ಕಿಕ್ ಹೊಡ್ದು ಆಮೇಲೆ ನೆನಪಾಗುತ್ತೆ.

ಬುಲೆಟ್ಟಿಗೂ ಇಷ್ಟೇನಾ?

ಹಳೇ ಕಾಸ್ಟ್ ಐರನ್ ಎಂಜಿನ್ನಿನ ಬುಲೆಟ್ಟಾದ್ರೆ ಇನ್ನೊಂದಿದೆ. ತಿಂಗಳುಗಟ್ಟಲೆ ನಿಂತ್ರೆ ಆಯಿಲ್ಲು ನಿಧಾನಕ್ಕೆ ತನ್ನ ಜಾಗದಿಂದ ಕ್ರ್ಯಾಂಕ್ ಇರೋ ಕಡೆ ಇಳಿದು ತುಂಬ್ಕೊಳ್ಳುತ್ತೆ. ಹಂಗೇ ಕಿಕ್ ಹೊಡೆದ್ರೆ ಬ್ರೀದರ್ ಪೈಪಿಂದ ಶೆಡ್ಡು ತುಂಬ ಆಯಿಲ್ಲೇ. ಮೊದಲು ಕೆಳಗಿನ ಡ್ರೈನ್ ಬೋಲ್ಟ್ ಬಿಚ್ಚಿ ಇಳ್ಸಿ, ಹೊಸಾ ಆಯಿಲ್ ಹಾಕಿ, ಆಮೇಲೆ ಡಿಕಂಪ್ರೆಸರ್ (ಸಿಲಿಂಡರ್ ಒಳಗಿನ ಒತ್ತಡ ಬಿಡೋ ಲಿವರ್) ಹಿಡ್ಕೊಂಡು ಹತ್ತಾರು ಸಲ ಸುಮ್ನೆ ಕಿಕ್ ತಿರುಗ್ಸಿ, ಆಮೇಲೆ ಆಂಪ್ ಮೀಟರ್ ಮುಳ್ಳು ಮಧ್ಯಕ್ಕೆ ತಂದು ಸ್ಟಾರ್ಟ್ ಮಾಡಿ. ಮುಳ್ಳು ನೋಡದೆ ಹೊಡ್ದು ರಿಟರ್ನ್ ಕಿಕ್ ತಿಂದ್ರೆ ಮೊಣಕಾಲಿಗೆ ನಾವು ಜವಾಬ್ದಾರರಲ್ಲ.

ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇದೆಯಲ್ಲ, ಹಳೇ ಗಾಡಿಗೆ ತೊಂದ್ರೆನಾ?

ಓಡೋ ಗಾಡಿಗೆ ಅಷ್ಟು ತಲೆ ಕೆಡಿಸ್ಕೊಳ್ಬೇಡಿ, ನಿಂತ ಗಾಡಿಗೆ ಕೆಡಿಸ್ಕೊಳ್ಳಿ. ಎಥೆನಾಲ್ ಗಾಳಿಯಿಂದ ನೀರಿನ ಪಸೆ ಎಳ್ಕೊಳ್ಳುತ್ತೆ, ನಮ್ಮೂರಿನ ಜುಲೈ ಗಾಳಿ ಅಂದ್ರೆ ಅರ್ಧ ನೀರೇ. ಜಾಸ್ತಿ ಎಳ್ಕೊಂಡ ಮೇಲೆ ನೀರೂ ಎಥೆನಾಲೂ ಸೇರಿ ಬೇರೆ ಪದರವಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತೆ, ಪೆಟ್ರೋಲ್ ಕಾಕ್ ಇರೋದೂ ತಳದಲ್ಲೇ. ಹಳೇ ರಬ್ಬರ್ ಪೈಪು, ಕಾರ್ಬೇಟರ್ ಒಳಗಿನ ವಾಷರ್ರು ಉಬ್ಬಿ ಮೆತ್ತಗಾಗುತ್ತೆ. ಹೊಸಾ ಪೈಪ್ ಹಾಕಿ, ಬೌಲ್ ಖಾಲಿ ಇಡಿ, ಸೀಸನ್ ಮುಗಿದ್ಮೇಲೆ ಹೊಸಾ ಪೆಟ್ರೋಲ್ ಹಾಕಿ.

ಟ್ಯಾಂಕ್ ಒಳಗೆ ತುಕ್ಕು ಹಿಡಿದಿದೆ, ಬೋಲ್ಟು ಜಲ್ಲಿಕಲ್ಲು ಹಾಕಿ ಅಲ್ಲಾಡ್ಸಿದ್ರೆ ಹೋಗುತ್ತಾ?

ಸ್ವಲ್ಪ ಹೋಗುತ್ತೆ, ಜೊತೆಗೆ ಅಕ್ಕಪಕ್ಕದ ಮನೆಯವರ ನಿದ್ದೆನೂ ಹೋಗುತ್ತೆ. ನಮಗೆ ಇಷ್ಟವಾದ ದಾರಿ ಎಲೆಕ್ಟ್ರಾಲಿಸಿಸ್. ಟ್ಯಾಂಕಿನ ಕಾಕ್ ತೂತು ಮುಚ್ಚಿ ನೀರು ತುಂಬ್ಸಿ, ನಾಲ್ಕು ಲೀಟರಿಗೆ ಒಂದು ದೊಡ್ಡ ಚಮಚದ ಲೆಕ್ಕದಲ್ಲಿ ವಾಷಿಂಗ್ ಸೋಡಾ ಕರಗ್ಸಿ. ಮುಚ್ಚಳದ ಬಾಯಿಂದ ಒಂದು ಮಾಮೂಲಿ ಕಬ್ಬಿಣದ ರಾಡ್ ಇಳಿಬಿಡಿ, ಅದು ಟ್ಯಾಂಕಿಗೆ ಎಲ್ಲೂ ತಾಗ್ಬಾರ್ದು, ಹಳೇ ಟ್ಯೂಬ್ ರಬ್ಬರ್ ಸುತ್ತಿ ಹಿಡ್ಸಿ. ಬ್ಯಾಟ್ರಿ ಚಾರ್ಜರಿನ ಪ್ಲಸ್ ರಾಡಿಗೆ, ಮೈನಸ್ ಟ್ಯಾಂಕಿಗೆ. ತಲೆಕೆಳಗಾಗಿ ಕೊಟ್ರೆ ಟ್ಯಾಂಕೇ ಕರಗೋಕೆ ಶುರುವಾಗುತ್ತೆ. ಸ್ವಲ್ಪ ಹೊತ್ತಿಗೆ ಸಣ್ಣ ಸಣ್ಣ ಗುಳ್ಳೆ ಏಳುತ್ತೆ, ಮೇಲೆ ಕಂದು ನೊರೆ ಬರುತ್ತೆ, ರಾಡ್ ಮಾತ್ರ ತುಕ್ಕು ಮೆತ್ಕೊಂಡು ದಪ್ಪ ಆಗ್ತಾ ಹೋಗುತ್ತೆ, ಅದನ್ನ ಆಗಾಗ ತೆಗ್ದು ಕೆರೆದು ವಾಪಸ್ ಇಡ್ಬೇಕು. ಒಂದು ರಾತ್ರಿ ಬಿಡಿ. ಸ್ಟೇನ್‌ಲೆಸ್ ಸ್ಟೀಲ್ ರಾಡ್ ಯಾವ ಕಾರಣಕ್ಕೂ ಹಾಕ್ಬೇಡಿ, ವಿಷದ ಕ್ರೋಮಿಯಂ ನೀರಿಗೆ ಬಿಡುತ್ತೆ. ಏಳೋ ಗುಳ್ಳೆ ಹೈಡ್ರೋಜನ್ನು, ಅದಕ್ಕೆ ಬಾಗಿಲು ತೆಗ್ದಿಡಿ, ಹತ್ರ ಬೀಡಿ ಹಚ್ಬೇಡಿ.

ಕಷ್ಟ ಇರೋದು ಆಮೇಲೆ. ತೊಳೆದ ಟ್ಯಾಂಕು ಬೇಸಿಗೇಲಾದ್ರೆ ಬಿಸಿಲಿಗಿಟ್ರೆ ಆಯ್ತು, ಮಳೇಲಿ ಒಣಗೋ ಮುಂಚೆನೇ ಕೆಂಪು ತುಕ್ಕು ಮತ್ತೆ ಬಂದಿರುತ್ತೆ. ಹೇರ್ ಡ್ರೈಯರ್ ಹಿಡ್ದು ಒಣಗ್ಸಿ, ತಕ್ಷಣ ಪೆಟ್ರೋಲಿಗೆ ಟೂಟಿ ಆಯಿಲ್ (ಟೂ ಸ್ಟ್ರೋಕ್ ಗಾಡಿಗೆ ಹಾಕೋ ಆಯಿಲ್) ಜಾಸ್ತಿ ಸೇರ್ಸಿ ಒಳಗೆಲ್ಲ ಸುತ್ತಾಡ್ಸಿ. ಹೇರ್ ಡ್ರೈಯರ್ ಮನೆಯವರದ್ದು ಅಂತ ನೆನಪಿರ್ಲಿ, ಒಣಗ್ಸಿ ಮುಗಿದ್ಮೇಲೇ ಪೆಟ್ರೋಲ್ ಡಬ್ಬ ಬಿಚ್ಚಿ ಅನ್ನೋದೂ ನೆನಪಿರ್ಲಿ.

ನನ್ನ ಯೆಜ್ಡಿ ಬಿಳೀ ಹೊಗೆ ಹಾಕುತ್ತೆ, ಗೇರ್ ಆಯಿಲ್ ಎಲ್ಲೋ ಮಾಯ ಆಗ್ತಿದೆ, ನೆಲಕ್ಕೆ ಒಂದು ತೊಟ್ಟೂ ಬಿದ್ದಿಲ್ಲ. ದೆವ್ವನಾ?

ದೆವ್ವ ಅಲ್ಲ, ಆಯಿಲ್ ಸೀಲ್. ಇದೇ ಪ್ರಶ್ನೆ ಎಲ್ಲಕ್ಕಿಂತ ಜಾಸ್ತಿ ಬರೋದು, ಅದಕ್ಕೆ ಸ್ವಲ್ಪ ಉದ್ದವಾಗೇ ಹೇಳ್ತೀನಿ.

ಟೂ ಸ್ಟ್ರೋಕ್ ಎಂಜಿನ್ನಲ್ಲಿ ಪಿಸ್ಟನ್ ಕೆಳಗಿನ ಕ್ರ್ಯಾಂಕ್ ಕೇಸೂ ಒಂದು ಪಂಪಿನ ಕೆಲಸ ಮಾಡುತ್ತೆ, ಪಿಸ್ಟನ್ ಮೇಲೆ ಹೋದಾಗ ಪೆಟ್ರೋಲ್ ಗಾಳಿ ಎಳ್ಕೊಳ್ಳುತ್ತೆ, ಕೆಳಗೆ ಬಂದಾಗ ಅದನ್ನ ಮೇಲಕ್ಕೆ ತಳ್ಳುತ್ತೆ. ಹಂಗಾಗಿ ಆ ಜಾಗ ಗಾಳಿ ಆಡದಂಗೆ ಬಿಗಿಯಾಗಿರ್ಬೇಕು. ಕ್ರ್ಯಾಂಕಿನ ಎರಡೂ ತುದೀಲಿ ರಬ್ಬರ್ ಸೀಲ್ ಇರುತ್ತೆ. ಕ್ಲಚ್ ಕಡೆ ಸೀಲ್ ಸವೆದ್ರೆ ಪಿಸ್ಟನ್ ಮೇಲೆ ಹೋದಾಗಲೆಲ್ಲ ಗೇರ್ ಆಯಿಲನ್ನೂ ಒಂದಿಷ್ಟು ಹೀರುತ್ತೆ, ಅದು ಸುಟ್ಟು ಹೊಗೆ ಆಗುತ್ತೆ. ನೆಲಕ್ಕೆ ಬೀಳೋ ಪ್ರಶ್ನೆನೇ ಇಲ್ಲ. ಇನ್ನೊಂದು ಕಡೆ, ಪ್ಲಗ್ಗಿಗೆ ಕಿಡಿ ಕೊಡ್ಸೋ ಪಾಯಿಂಟ್ ಇರೋ ಕಡೆ ಸೀಲ್ ಹೋದ್ರೆ ಬರೀ ಗಾಳಿ ಹೀರುತ್ತೆ, ಆಗ ಹೊಗೆ ಜಾಸ್ತಿ ಆಗಲ್ಲ, ಬದಲಿಗೆ ಆಕ್ಸಿಲರೇಟರ್ ಬಿಟ್ರೂ ಎಂಜಿನ್ ಇಳಿಯಲ್ಲ, ವೀಂ ಅಂತ ಕೂಗ್ತಾನೇ ಇರುತ್ತೆ, ಬಿಸಿ ಆಗುತ್ತೆ. ಇದು ಹೊಗೆಗಿಂತ ಅಪಾಯ, ಪಿಸ್ಟನ್ ಸೀಜ್ ಆಗೋದು, ಅಂದ್ರೆ ಸಿಲಿಂಡರಲ್ಲಿ ಕಚ್ಕೊಳ್ಳೋದು, ಹಿಂಗೇ. ಮೆಕ್ಯಾನಿಕ್ಕುಗಳು ಕಾರ್ಬೇಟರ್ ಸ್ಕ್ರೂ ತಿರುಗ್ಸಿ ತಿರುಗ್ಸಿ ಸಾಕಾಗಿ "ಹಳೇ ಗಾಡಿ ಸಾರ್, ಹಿಂಗೇ" ಅಂತಾರೆ. ಹಿಂಗೇ ಅಲ್ಲ.

ಸೀಲ್ ಬೆಲೆ ದೊಡ್ಡದಲ್ಲ, ಆದ್ರೆ ಅದರ ತನಕ ಹೋಗೋಕೆ ಬಿಚ್ಚೋದು ಬೇಕಾದಷ್ಟಿದೆ, ಎಂಜಿನ್ ಅಷ್ಟು ಬಿಚ್ಚಿದ ಮೇಲೆ ಬೇರಿಂಗೂ ನೋಡ್ಬಿಡಿ, ಕನೆಕ್ಟಿಂಗ್ ರಾಡ್ ಹಿಡ್ದು ಮೇಲೆ ಕೆಳಗೆ ಎಳ್ದು ಆಟ ಇದೆಯಾ ನೋಡಿ. ಇಷ್ಟಕ್ಕೇ ನಿಮ್ಮ ಮಳೆಗಾಲ ಮುಗೀತು. ಮೇಲೆ ಹೇಳಿದ್ನಲ್ಲ, ಒಂದೇ ಕೆಲಸ.

ಬೇರಿಂಗ್ ಫ್ರಿಜ್ಜಲ್ಲಿ ಇಡ್ಬೇಕು ಅಂದ್ರಂತೆ, ತಮಾಷೆನಾ?

ಅಲ್ಲ, ನಿಜ. ಬೇರಿಂಗು ಉಕ್ಕು, ಕೇಸು ಅಲ್ಯೂಮಿನಿಯಂ, ಬಿಸಿ ಮಾಡಿದ್ರೆ ಅಲ್ಯೂಮಿನಿಯಂ ಉಕ್ಕಿಗಿಂತ ಜಾಸ್ತಿ ಹಿಗ್ಗುತ್ತೆ. ಬೇರಿಂಗನ್ನ ಎರಡು ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ರಾತ್ರಿ ಫ್ರೀಜರಲ್ಲಿ ಇಡಿ. ಬೆಳಿಗ್ಗೆ ಕೇಸನ್ನ ಚೆನ್ನಾಗಿ ತೊಳ್ದು ಒರೆಸಿ ಒಲೆ ಮೇಲೆ ಹಂಚಿಟ್ಟು ಅದರ ಮೇಲಿಟ್ಟು ಸಮನಾಗಿ ಕಾಯ್ಸಿ, ನೀರು ಚಿಮುಕಿಸಿದ್ರೆ ಚುಂಯ್ ಅನ್ಬೇಕು, ಅಷ್ಟು ಸಾಕು. ಫ್ರೀಜರಿಂದ ಬೇರಿಂಗ್ ತಂದು ನೇರಕ್ಕೆ ಬಿಟ್ರೆ ಟಕ್ ಅಂತ ತಾನಾಗೇ ಕೂರುತ್ತೆ, ಸುತ್ತಿಗೆ ಮುಟ್ಟೋದೇ ಬೇಡ. ಆ ಟಕ್ ಕೇಳೋಕೆ ನಮ್ಮ ಗುಂಪಲ್ಲಿ ಜನ ತೋಟದ ಕೆಲಸ ಬಿಟ್ಟು ಬರ್ತಾರೆ.

ಫ್ರೀಜರಲ್ಲಿ ಬಟಾಣಿ ಪೊಟ್ಟಣದ ಪಕ್ಕ ಗ್ರೀಸ್ ವಾಸನೆ ಬಂದ್ರೆ ಅದರ ಜವಾಬ್ದಾರಿ ನಿಮ್ಮದು.

ಕಾರ್ಬೇಟರ್ ಜೆಟ್ಟಿಗೆ ಸೂಜಿ ಹಾಕಿ ಕ್ಲೀನ್ ಮಾಡ್ಬೋದಾ?

ಬೇಡ. ಪೆಟ್ರೋಲ್ ಅಳೆದು ಬಿಡೋ ಸಣ್ಣ ತೂತಿನ ಈ ಜೆಟ್ಟು ಹಿತ್ತಾಳೆದು, ಸೂಜಿ ಉಕ್ಕಿಂದು, ತೂತು ದೊಡ್ಡದಾದ್ರೆ ಜನ್ಮದಲ್ಲಿ ಟ್ಯೂನಿಂಗ್ ಕೂರಲ್ಲ. ವೈರಿನ ಒಂದು ತಾಮ್ರದ ಎಳೆ ಸಾಕು, ಆಮೇಲೆ ಗಾಳಿ ಹೊಡ್ಸಿ.

ಗ್ಯಾಸ್ಕೆಟ್ ಸಿಗ್ತಿಲ್ಲ

ಮಾಡ್ಕೊಳ್ಳಿ. ಗ್ಯಾಸ್ಕೆಟ್ ಶೀಟ್ ತಂದು ಕೇಸಿನ ಬಾಯಿ ಮೇಲೆ ಇಟ್ಟು, ಗುಂಡು ತಲೆ ಸುತ್ತಿಗೇಲಿ ಅಂಚಿನುದ್ದಕ್ಕೂ ಮೆಲ್ಲಗೆ ತಟ್ಕೊಂಡು ಹೋದ್ರೆ ಅಂಚೇ ಶೀಟನ್ನ ಕತ್ತರಿಸುತ್ತೆ. ಮೊದಲು ಎರಡು ಬೋಲ್ಟ್ ತೂತು ತಟ್ಟಿ ಬೋಲ್ಟ್ ಸಿಕ್ಸಿ, ಆಗ ಶೀಟು ಜಾರಲ್ಲ. ಜೋರು ಮಳೆ ಬಂದು ಕರೆಂಟ್ ಹೋದಾಗ ಮಾಡೋಕೆ ಇದಕ್ಕಿಂತ ಒಳ್ಳೇ ಕೆಲಸ ಇಲ್ಲ, ಟಾರ್ಚ್ ಸಾಕು, ಬಾಯಿನೂ ಖಾಲಿ ಇರುತ್ತೆ ಮಾತಾಡೋಕೆ.

ಇದೇ ಸಮಯದಲ್ಲಿ ಪೇಂಟೂ ಮುಗ್ಸಿಬಿಡೋಣ ಅಂತ

ಬೇಡ್ವೇ ಬೇಡ. ಮಳೆಗಾಲದ ಪಸೆಗೆ ಥಿನ್ನರ್ ಹಾರೋವಾಗ ಬಣ್ಣದ ಮೇಲೆ ನೀರು ಕೂತು ಬಿಳಿ ಮಬ್ಬು ಬರುತ್ತೆ, ಪುಟ್ಟಿ ಒಳಗೆ ನೀರು ಉಳ್ಕೊಂಡು ಆರು ತಿಂಗಳಿಗೆ ಗುಳ್ಳೆ ಏಳುತ್ತೆ. ಟಿಂಕರಿಂಗ್ ಮಾಡ್ಸಿ, ಪ್ರೈಮರ್ ಹೊಡ್ಸಿ ಇಡಿ, ಬಣ್ಣ ನವೆಂಬರಿಗೆ. ಪ್ರೈಮರ್ ಬಣ್ಣದ ಗಾಡಿಗೆ ಆಯುಧ ಪೂಜೆ ಮಾಡಿದ್ರೆ ದೇವ್ರು ಏನೂ ಅಂದ್ಕೊಳ್ಳಲ್ಲ, ಕುಂಬಳಕಾಯಿ ಅದಕ್ಕೂ ಒಡೀಬೋದು.

ಯೆಜ್ಡಿಯವ್ರು ಮಾತೆತ್ತಿದ್ರೆ ಮೈಸೂರು ಮೈಸೂರು ಅಂತಾರಲ್ಲ, ಎಂತ ಅದು?

ಅವ್ರ ಎದುರು ಈ ಪ್ರಶ್ನೆ ಕೇಳ್ಬೇಡಿ, ಊಟದ ಹೊತ್ತು ಮೀರುತ್ತೆ. ಚಿಕ್ಕದಾಗಿ ಹೇಳ್ತೀನಿ. ಜಾವಾ ಮೂಲದಲ್ಲಿ ಚೆಕ್ ದೇಶದ್ದು, 1929ರಲ್ಲಿ ಯಾನೆಚೆಕ್ ಅನ್ನೋರು ವಾಂಡರರ್ ಕಂಪ್ನಿಯ ಬೈಕ್ ವಿಭಾಗ ತಗೊಂಡು ಎರಡೂ ಹೆಸರಿನ ಮೊದಲ ಅಕ್ಷರಗಳನ್ನ ಸೇರ್ಸಿ ಇಟ್ಟ ಹೆಸ್ರು. ಮೈಸೂರಿನ ಯಾದವಗಿರೀಲಿ ಐಡಿಯಲ್ ಜಾವಾ ಫ್ಯಾಕ್ಟ್ರಿ 1961ರಲ್ಲಿ ಶುರುವಾಯ್ತು, ಉದ್ಘಾಟನೆ ಮಾಡಿದ್ದು ಜಯಚಾಮರಾಜ ಒಡೆಯರು. 1973ರಿಂದ ಯೆಜ್ಡಿ ಅನ್ನೋ ಹೆಸ್ರು ಬಂತು, 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಫ್ಯಾಕ್ಟ್ರಿ ಬಾಗಿಲು ಹಾಕಿದ್ರು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೊಸಾ ಕಂಪ್ನಿಯಿಂದ ವಾಪಸ್ ಬಂದಿದೆ, ಅದು ಫೋರ್ ಸ್ಟ್ರೋಕು, ನೀರಲ್ಲಿ ತಣ್ಣಗಾಗೋ ಎಂಜಿನ್ನು, ಅದನ್ನ ನಮ್ಮ ಗುಂಪಿನ ಯೆಜ್ಡಿ ಮಾವ ಇನ್ನೂ ಮಾತಾಡ್ಸಿಲ್ಲ.

ಹೊಸಬರಿಗೆ ಇಡೋ ಪರೀಕ್ಷೆ ಒಂದಿದೆ. ಹಳೇ ಜಾವಾ ಕೊಟ್ಟು ಸ್ಟಾರ್ಟ್ ಮಾಡು ಅಂತಾರೆ. ಹುಡುಗ ಬಲಗಡೆ ನೋಡ್ತಾನೆ, ಎಡಗಡೆ ನೋಡ್ತಾನೆ, ಕಿಕ್ಕರ್ ಎಲ್ಲೂ ಇಲ್ಲ. ಗೇರ್ ಲಿವರನ್ನೇ ಒಳಗೆ ಒತ್ತಿ ಮೇಲಕ್ಕೆ ತಿರುಗ್ಸಿದ್ರೆ ಅದೇ ಕಿಕ್ಕರ್ ಆಗುತ್ತೆ. ಗೊತ್ತಾಗೋ ತನಕ ಎಲ್ರೂ ಸುಮ್ನೆ ಚಾ ಕುಡೀತಿರ್ತಾರೆ.

ಯಮಹಾ ಆರ್ಎಕ್ಸ್ 100 ಒಂದು ತಗೊಂಡು ಈ ಮಳೆಗಾಲಕ್ಕೆ ರೆಡಿ ಮಾಡೋಣ ಅಂತಿದೀನಿ

ದುಡ್ಡಿದ್ರೆ ತಗೊಳ್ಳಿ. 98 ಸಿಸಿ, 11 ಎಚ್‌ಪಿ, ಬರೀ ನೂರು ಕೆಜಿ ಚಿಲ್ಲರೆ ತೂಕ, ಮಜಾ ಇರೋದೇ ಆ ಲೆಕ್ಕದಲ್ಲಿ. 1985ರಲ್ಲಿ ಬಂದು 1996ಕ್ಕೆ ನಿಂತ ಗಾಡಿ, ಇವತ್ತು ಒಳ್ಳೇ ಕಂಡೀಷನ್ನಿಂದು ಲಕ್ಷದ ಮಾತು. ಅದಕ್ಕೇ ಮೋಸನೂ ಅಷ್ಟೇ ಇದೆ. ಆರ್ಎಕ್ಸ್ 135ರ ಎಂಜಿನ್ ಕೂರ್ಸಿ ನೂರು ಅಂತ ಮಾರೋದು, ನಂಬರ್ ಉಜ್ಜಿ ಮತ್ತೆ ಹೊಡ್ದಿರೋದು, ಎಲ್ಲ ಇದೆ. ಎಂಜಿನ್ ನಂಬ್ರ, ಚಾಸಿ ನಂಬ್ರ, ಆರ್‌ಸಿ ಮೂರೂ ತಾಳೆ ಆಗ್ದಿದ್ರೆ ಮೇಲೆ ಬಂಗಾರದ ಬಣ್ಣ ಇದ್ರೂ ಬಿಟ್ಟು ಬನ್ನಿ.

ಈ ಗಾಡಿಗೆ ಟೂಟಿ ಆಯಿಲ್ ಬೇರೆ ಡಬ್ಬಕ್ಕೆ ಹಾಕೋದು, ಪಂಪ್ ತಾನಾಗೇ ಎಳ್ಕೊಳ್ಳುತ್ತೆ. ಹಳೇ ಮಾಲೀಕ ಆ ಪಂಪ್ ಕಿತ್ತು ಬಿಸಾಕಿ ಪೆಟ್ರೋಲಲ್ಲೇ ಕಲಸಿ ಓಡಿಸ್ತಿದ್ನಾ ಅಂತ ಮೊದಲು ಕೇಳ್ಕೊಳ್ಳಿ. ಗೊತ್ತಿಲ್ದೆ ಬರೀ ಪೆಟ್ರೋಲ್ ಹಾಕಿ ಹೊರಟ್ರೆ ಶಿವಮೊಗ್ಗ ದಾಟೋ ಮುಂಚೆ ಪಿಸ್ಟನ್ ಹಿಡ್ಕೊಳ್ಳುತ್ತೆ. ಯೆಜ್ಡಿ, ಜಾವಾದಲ್ಲಿ ಆಯಿಲ್‌ಕಿಂಗ್ ಅನ್ನೋ ಮಾಡಲ್ ಬಿಟ್ರೆ ಮಿಕ್ಕಿದ್ದಕ್ಕೆ ಕಲಸೋದೇ, ಹಳಬರ ಲೆಕ್ಕ ಲೀಟರಿಗೆ 40 ಎಂಎಲ್.

ನಿಮ್ಮಲ್ಲಿ ಕಾಲೆಳೆಯೋದು ಜಾಸ್ತಿ ಅಂತ ಕೇಳಿದೀನಿ, ಬೇಜಾರಾಗಲ್ವಾ?

ಕಾಲೆಳೆಯದೆ ಇದ್ರೆ ಬೇಜಾರಾಗ್ಬೇಕು. ಯೆಜ್ಡಿ ಸ್ಟಾರ್ಟ್ ಆದ ತಕ್ಷಣ ಯಾರೋ ಒಬ್ರು "ಪಂಚಾಯ್ತಿಯವ್ರು ಡೆಂಗ್ಯೂ ಹೊಗೆ ಹೊಡ್ಸೋಕೆ ಬಂದ್ರು, ಕಿಟಕಿ ತೆಗೀರಿ" ಅಂತಾರೆ. ಬುಲೆಟ್ಟಿನವ್ರಿಗೆ "ನಿಮ್ಮ ಗಾಡಿ ಇವತ್ತು ಆಯಿಲ್ ಸೋರ್ತಿಲ್ಲ, ಖಾಲಿ ಆಗಿರ್ಬೇಕು ನೋಡಿ" ಅನ್ನೋದು. ಆರ್ಎಕ್ಸ್ ಹುಡುಗನಿಗೆ "ಸೈಕಲ್ ಒಳಗೆ ತಗೊಂಡ್ ಬಾರೋ, ನೆನೀತಿದೆ". ಇತ್ತೀಚೆಗೆ ಫ್ಯುಯೆಲ್ ಇಂಜೆಕ್ಷನ್ನಿನ, ಅಂದ್ರೆ ಕಾರ್ಬೇಟರ್ ಬದಲು ಕಂಪ್ಯೂಟರ್ ಇರೋ ಗಾಡಿಯವನೊಬ್ಬ ಸೇರ್ಕೊಂಡಿದಾನೆ, ಅವನು ಗಾಡಿ ಮುಟ್ಟಿದ್ರೆ ಸಾಕು "ಪಾಸ್‌ವರ್ಡ್ ಹಾಕ್ದಾ" ಅಂತಾರೆ. ಪಾಪ, ಕರೆಂಟ್ ಹೋದಾಗ ಅವನ ಗಾಡಿ ಹೆಡ್‌ಲೈಟಲ್ಲೇ ಎಲ್ರೂ ಕೆಲಸ ಮಾಡೋದು.

ಕಟ್ಟುಪಾಡು ಇರೋದು ಒಂದೇ, ಗಾಡಿ ಬಗ್ಗೆ ಏನು ಬೇಕಾದ್ರೂ ಅನ್ನಿ, ಗಾಡಿಗೆ ಹಾಕಿರೋ ದುಡ್ಡಿನ ಬಗ್ಗೆ ಅನ್ಬೇಡಿ. ಅಡಿಕೆ ರೇಟ್ ಬಿದ್ದ ವರ್ಷ ಯಾರ ಗಾಡಿ ಯಾಕೆ ಹಂಗೇ ನಿಂತಿದೆ ಅಂತ ಎಲ್ರಿಗೂ ಗೊತ್ತಿರುತ್ತೆ, ಕೇಳೋದು ಬೇಡ. ಅಂಥೋರ ಗಾಡಿಗೆ ಬೇಕಾದ ಸಾಮಾನು ಯಾರ ಡಬ್ಬದಲ್ಲೋ "ಸುಮ್ನೆ ಬಿದ್ದಿತ್ತು" ಅಂತ ಹೊರಬರುತ್ತೆ.

ಸ್ಪೇರ್ ಪಾರ್ಟ್ಸ್ ಎಲ್ಲಿ?

ಬುಲೆಟ್ಟಿಂದು ಎಲ್ಲ ಕಡೆ ಸಿಗುತ್ತೆ. ಮಿಕ್ಕಿದ್ದಕ್ಕೆ ಬೆಂಗಳೂರಿನ ಜೆಸಿ ರೋಡು, ಶಿವಾಜಿನಗರದ ಗುಜರಿ, ಜಾವಾ ಯೆಜ್ಡಿಗೆ ಮೈಸೂರಿನ ಹಳೇ ಮೆಕ್ಯಾನಿಕ್ಕುಗಳು. ಹಳೇ ಸಾಮಾನು ಕೈಲಿ ಹಿಡ್ಕೊಂಡೇ ಹೋಗಿ, ಬಾಯಲ್ಲಿ ವಿವರಿಸಿದ್ರೆ ಹತ್ತಿರದ್ದೊಂದು ಕೊಟ್ಟು ಕಳಿಸ್ತಾರೆ. ಹೊಸದಾಗಿ ಮಾಡಿರೋ ಡೂಪ್ಲಿಕೇಟ್ ಕ್ಲಚ್ ಪ್ಲೇಟ್‌ಗಿಂತ ಹಳೇ ಗಾಡಿಯಿಂದ ಬಿಚ್ಚಿದ ಒರಿಜಿನಲ್ಲೇ ಎಷ್ಟೋ ಸಲ ಮೇಲು.

ಆರ್‌ಸಿ ಅವಧಿ ಮುಗಿದಿದೆ, ಪರವಾಗಿಲ್ವಾ?

ಪರವಾಗಿದೆ. ಮೊದಲ 15 ವರ್ಷ ಆದ್ಮೇಲೆ ಐದೈದು ವರ್ಷಕ್ಕೆ ನವೀಕರಣ ಮಾಡಿಸ್ಬೇಕು, ಆರ್‌ಟಿಒಗೆ ಗಾಡಿ ತಗೊಂಡೋಗಿ ತೋರಿಸ್ಬೇಕು. ಐವತ್ತು ವರ್ಷ ದಾಟಿ ಮೂಲ ರೂಪದಲ್ಲೇ ಇರೋ ಗಾಡಿಗೆ 2021ರಲ್ಲಿ ಬೇರೆ ವಿಂಟೇಜ್ ನಿಯಮ ಬಂತು, ನಂಬರಲ್ಲಿ ವಿಎ ಅಂತ ಬರುತ್ತೆ, ಹೊಸ ನೋಂದಣಿಗೆ 20,000 ರೂಪಾಯಿ. ಆದ್ರೆ ಆಮೇಲೆ ಅದನ್ನ ದಿನಾ ಸೊಸೈಟಿಗೆ ಹಾಲು ಹಾಕೋಕೆ ತಗೊಂಡು ಹೋಗೋ ಹಂಗಿಲ್ಲ, ಯೋಚ್ನೆ ಮಾಡಿ. ಬಣ್ಣ ಬದಲಾಯಿಸಿದ್ರೆ ಆರ್‌ಸಿಲಿ ಬರೆಸ್ಬೇಕು. ಊರಿಗೆಲ್ಲ ಕೇಳ್ಸೋ ಸೈಲೆನ್ಸರ್ ಹಾಕಿದ್ರೆ ದಂಡ ಕಟ್ಟಿ, ನಮ್ಮ ಹತ್ರ ಅಳ್ಬೇಡಿ.

ಬೆಂಗಳೂರಲ್ಲಿ ಅಪಾರ್ಟ್‌ಮೆಂಟಲ್ಲಿ ಇದೀನಿ, ಶೆಡ್ ಎಲ್ಲಿಂದ ತರ್ಲಿ?

ಒಂದು ಬಾಲ್ಕನಿ, ಒಂದು ಹಳೇ ಪ್ಲೈವುಡ್ ತುಂಡು. ಗಾಡಿ ಪೂರ್ತಿ ತರ್ಬೇಕಾಗಿಲ್ಲ, ಕಾರ್ಬೇಟರ್ ಒಂದೇ ತನ್ನಿ, ಇಲ್ಲ ಸ್ಪೀಡೋಮೀಟರ್ ಕೇಸ್ ಪಾಲಿಶ್ ಮಾಡಿ, ಸೈಲೆನ್ಸರ್ ಒಳಗಿನ ಕಾರ್ಬನ್ ತೆಗೀರಿ. ಕಾರ್ಬನ್ನಿಗೆ ಕಾಸ್ಟಿಕ್ ಸೋಡಾ ಹಾಕ್ತೀನಿ ಅಂದ್ರೆ ಅಲ್ಯೂಮಿನಿಯಂ ಯಾವುದೂ ಹತ್ರ ಇರ್ಬಾರ್ದು, ತಿಂದ್ಹಾಕುತ್ತೆ, ಕೈಗೆ ಗ್ಲೌಸ್ ಕಣ್ಣಿಗೆ ಕನ್ನಡಕ. ಬೇಸ್‌ಮೆಂಟಲ್ಲಿ ಎಂಜಿನ್ ಸ್ಟಾರ್ಟ್ ಮಾಡಿ ಚೆಕ್ ಮಾಡ್ತೀನಿ ಅಂತ ಮಾತ್ರ ಹೋಗ್ಬೇಡಿ, ಅಸೋಸಿಯೇಷನ್ನಿನವ್ರಿಗಿಂತ ಮೊದಲು ಕಾರ್ಬನ್ ಮೊನಾಕ್ಸೈಡ್ ಬರುತ್ತೆ, ಅದಕ್ಕೆ ವಾಸನೆ ಇಲ್ಲ. ಮಳೆ ಎರಚಲು ಹೊಡೆಯುತ್ತೆ ಅಂತ ಶೆಡ್ ಬಾಗಿಲು ಹಾಕ್ಕೊಂಡು ಸ್ಟಾರ್ಟ್ ಮಾಡೋ ನಮ್ಮೂರಿನವ್ರಿಗೂ ಇದೇ ಮಾತು.

ನಾನು ಕೆನಡಾದಲ್ಲಿದೀನಿ, ನನ್ನ ಚಳಿಗಾಲಕ್ಕೆ ಇದೆಲ್ಲ ಹೊಂದುತ್ತಾ?

ಬಹಳಷ್ಟು ಹೊಂದುತ್ತೆ ಭಾವ. ನಿಮಗೆ ಬೂಸ್ಲು ಇಲ್ಲ, ಆದ್ರೆ ಬ್ಯಾಟ್ರಿ ಚಾರ್ಜ್ ಇಳಿದ್ರೆ ಹೆಪ್ಪುಗಟ್ಟಿ ಒಡೆಯುತ್ತೆ, ಒಳಗೆ ಚಾರ್ಜಿಗೆ ಇಡಿ. ಅಲ್ಲಿ ಅಂಗಡೀಲಿ ಸಿಗೋ ಪೆಟ್ರೋಲ್ ಸ್ಟೆಬಿಲೈಸರ್ ಹಾಕಿ ಸ್ವಲ್ಪ ಹೊತ್ತು ಓಡಿಸಿ ನಿಲ್ಸಿ. ನೀರಲ್ಲಿ ತಣ್ಣಗಾಗೋ ಗಾಡಿಯಾದ್ರೆ ಕೂಲಂಟ್ ಸರಿಯಾದ್ದೇ ಇರ್ಲಿ. ಇಲಿ ಅಲ್ಲೂ ಏರ್ ಬಾಕ್ಸಲ್ಲೇ ಸಂಸಾರ ಹೂಡೋದಂತೆ. ನಿಮಗೆ ಜನವರಿ ಚಳೀಲಿ ಬೇಜಾರಾದಾಗ ವಿಡಿಯೋ ಕಾಲ್ ಮಾಡಿ, ಆಗ ನಾವು ರೈಡಲ್ಲಿರ್ತೀವಿ, ಉರ್ಕೊಳ್ಳಿ. ಜುಲೈಲಿ ನೀವು ಉರಿಸ್ತೀರಲ್ಲ.

ಜುಲೈಲಿ ಜಾವಾ ದಿನ ಬರುತ್ತೆ, ಗಾಡಿ ಬಿಚ್ಚಿಟ್ರೆ ಹೋಗೋದು ಹೆಂಗೆ?

ಜುಲೈ ಎರಡನೇ ಭಾನುವಾರ, ಮಳೆಯ ನಟ್ಟನಡುವೆ. ಬೆಂಗಳೂರು ಮೈಸೂರಿನವ್ರಿಗೆ ತೊಂದ್ರೆ ಇಲ್ಲ, ತುಂತುರಲ್ಲೇ ಸಾಲಾಗಿ ಹೋಗ್ತಾರೆ. ನಾವು ಯಾರದ್ದೋ ಹಿಂದಿನ ಸೀಟಲ್ಲಿ ಕೂತು ಹೋಗ್ತೀವಿ, ಇಲ್ಲ ಬಸ್ಸಲ್ಲಿ ಹೆಲ್ಮೆಟ್ ಹಿಡ್ಕೊಂಡು ಹೋಗ್ತೀವಿ. ಬಸ್ಸಲ್ಲಿ ಕಂಡಕ್ಟರ್ ಕೇಳೋ ಪ್ರಶ್ನೆಗೆ ಉತ್ರ ಇಲ್ಲಿ ಕೊಡಕ್ಕಾಗಲ್ಲ.

ಆಯುಧ ಪೂಜೆಗೆ ಗಾಡಿ ರೆಡಿ ಆಗ್ಲಿಲ್ಲ ಅಂದ್ರೆ?

ಆಗದ್ದೇ ಜಾಸ್ತಿ. ಶ್ರಾವಣದ ಹಬ್ಬಗಳು, ಅಡಿಕೆ ತೋಟಕ್ಕೆ ಬೋರ್ಡೋ ಔಷಧಿ ಹೊಡೆಯೋ ಕೆಲಸ, ಕೊಳೆ ರೋಗ ಬಂತು ಅಂದ್ರೆ ಇನ್ನೊಂದು ರೌಂಡು, ಕೈಯೆಲ್ಲ ಮೈಲುತುತ್ತದ ನೀಲಿ ಇಟ್ಕೊಂಡೇ ಬಂದು ಪಿಸ್ಟನ್ ರಿಂಗ್ ಹಾಕ್ತಾರೆ ಪಾಪ. ಆಗ್ಲಿಲ್ಲ ಅಂದ್ರೆ ಬಿಚ್ಚಿದ ಎಂಜಿನ್ನನ್ನೇ ತಟ್ಟೇಲಿಟ್ಟು ಹೂವು ಏರ್ಸಿ ಅರಿಶಿನ ಕುಂಕುಮ ಹಚ್ಚಿ. ಕುಂಕುಮ ಬೇರಿಂಗ್ ಒಳಗೆ ಹೋಗದಂಗೆ ಮೇಲೆ ಬಟ್ಟೆ ಮುಚ್ಚಿ. ಗಡಿಬಿಡೀಲಿ ಹಿಂದಿನ ದಿನ ರಾತ್ರಿ ಕೂತು ಜೋಡಿಸಿದ ಎಂಜಿನ್ ಯಾವತ್ತೂ ಚೆನ್ನಾಗಿ ಓಡಿಲ್ಲ, ಪಿಸ್ಟನ್ ಪಿನ್ ಜಾರದಂಗೆ ಹಿಡಿಯೋ ಸರ್ಕ್ಲಿಪ್ ಹಾಕೋದು ಮರ್ತು ಹೋಗೋದು ಆವಾಗಲೇ.

ನಾನೂ ಬರ್ಬೋದಾ? ನನ್ನ ಹತ್ರ ಗಾಡಿ ಇಲ್ಲ

ಬನ್ನಿ, ಗಾಡಿ ಇಲ್ದವ್ರು ಬಂದ್ರೆ ಟಾರ್ಚ್ ಹಿಡಿಯೋಕೆ ಜನ ಸಿಕ್ಕಂಗಾಯ್ತು. ಟಾರ್ಚ್ ಹಿಡಿಯೋದು ಸುಲಭ ಅಂದ್ಕೊಳ್ಬೇಡಿ, ಕೆಲಸ ಮಾಡೋನ ಕಣ್ಣಿಗೆ ಹಿಡಿದ್ರೆ ಬೈಸ್ಕೊಳ್ತೀರಿ. ಬರೋವಾಗ ಬಿಸಿ ಬಿಸಿ ಏನಾದ್ರೂ ಕಟ್ಟಿಸ್ಕೊಂಡು ಬನ್ನಿ, ಹಲಸಿನ ಹಪ್ಪಳ ಆದ್ರೆ ಉತ್ತಮ, ಪತ್ರೊಡೆ ಆದ್ರೆ ನಿಮಗೇ ಮೊದಲ ಕುರ್ಚಿ. ಹತ್ತನೇ ನಂಬರ್ ಸ್ಪ್ಯಾನರ್ ಇದ್ರೆ ತನ್ನಿ, ನಮ್ಮದು ಎಲ್ಲೋ ಹೋಗಿದೆ, ನಿಮ್ಮದಕ್ಕೆ ಬಣ್ಣ ಹಚ್ಚಿ ಗುರುತು ಮಾಡ್ಕೊಂಡು ತನ್ನಿ ಇಲ್ಲಾಂದ್ರೆ ಅದೂ ಹೋಗುತ್ತೆ. ಅಂಗಳ ಪಾಚಿ ಕಟ್ಟಿ ಜಾರುತ್ತೆ, ಅಡಿಕೆ ಹಾಳೆ ಹಾಸಿರೋ ಕಡೆನೇ ಕಾಲಿಡಿ. ಬಾಗಿಲ ಹತ್ರ ಉಪ್ಪಿನ ಡಬ್ಬ ಇದೆ, ಕಾಲಿಗೆ ಹತ್ತಿದ ಉಂಬಳ (ಜಿಗಣೆ) ಬಿಡಿಸ್ಕೊಂಡೇ ಒಳಗೆ ಬನ್ನಿ.